ಚಳಿಗಾಲದ ಹಕ್ಕಿ ಫೋಟೋ: ಮಾಗಡಿಗೆ ಹೋಗೋ ಮುಂಚೆ ಲೆನ್ಸನ್ನ ನಿಮ್ಮೂರ ಕೆರೆ ಏರಿ ಮೇಲೆ ಟೆಸ್ಟ್ ಮಾಡಿ

ನವೆಂಬರ್ ಮುಗೀತಾ ಬಂತು ಅಂದ್ರೆ ಹಕ್ಕಿ ಫೋಟೋ ತೆಗೆಯೋರ ಕೈ ಸುಮ್ನಿರಲ್ಲ. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿದಿರ್ತವೆ, ಈ ಕಡೆ ನಂಜನಗೂಡು ತಾಲೂಕಿನ ಹದಿನಾರು ಕೆರೆಗೂ ಬರ್ತವೆ, ಮಂಗೋಲಿಯಾ ಟಿಬೆಟ್ ಕಡೆಯಿಂದ ಹಿಮಾಲಯ ದಾಟ್ಕೊಂಡು ಬರೋ ಹಕ್ಕಿ ಅದು, 7000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ಟ್ರ್ಯಾಕರ್‌ನಲ್ಲಿ ದಾಖಲಾಗಿದೆ. ಇದೇ ಟೈಮಲ್ಲಿ ತುಂಬಾ ಜನ ಹೊಸದೋ ಸೆಕೆಂಡ್ ಹ್ಯಾಂಡೋ ಒಂದು ದೊಡ್ಡ ಲೆನ್ಸ್ ತಗೊಂಡು, ಡಬ್ಬದಿಂದ ತೆಗೆದು ನೇರ ಮಾಗಡಿಗೆ ಹೋಗ್ಬಿಡ್ತಾರೆ, ಮಧ್ಯಾಹ್ನದ ತನಕ ಹೊಡೆದು ಮನೆಗ್ ಬಂದು ಕಂಪ್ಯೂಟರ್‌ನಲ್ಲಿ ನೋಡಿದ್ರೆ ಒಂದೂ ಶಾರ್ಪ್ ಇಲ್ಲ, ಲೆನ್ಸೇ ಸರಿ ಇಲ್ಲ ಅಂತ ಮಾರಾಟಕ್ಕೆ ಇಡ್ತಾರೆ. ಬಹಳಷ್ಟು ಸಲ ಲೆನ್ಸ್ ಚೆನ್ನಾಗೇ ಇರತ್ತೆ, ಕೆಡಿಸಿದ್ದು ಹಕ್ಕಿಗೂ ನಿಮಗೂ ಮಧ್ಯ ಇರೋ ಗಾಳಿ. ಇದನ್ನ ನೀವೇ ನಿಮ್ಮೂರಲ್ಲೇ ಪರೀಕ್ಷೆ ಮಾಡಿ ತಿಳ್ಕೋಬಹುದು, ಖರ್ಚಿಲ್ಲ.

ಮೊದಲು ಮೈಲಿಗಲ್ಲಿನ ಟೆಸ್ಟ್. ಊರ ಹೊರಗೆ ಟ್ರಾಫಿಕ್ ಕಮ್ಮಿ ಇರೋ ರಸ್ತೆ ಪಕ್ಕ ಒಂದು ಮೈಲಿಗಲ್ಲು ಹುಡುಕಿ, ಬಿಳಿ ಬಣ್ಣದ ಮೇಲೆ ಕರೀ ಅಕ್ಷರ ಇರೋದಾದ್ರೆ ಒಳ್ಳೇದು. ಬೆಳಿಗ್ಗೆ ಏಳೂವರೆ ಒಳಗೆ ಹೋಗಿ, ಸುಮಾರು 20 ಮೀಟರ್ ದೂರ ನಿಂತು, ಟ್ರೈಪಾಡ್ ಮೇಲೋ ಬೀನ್ ಬ್ಯಾಗ್ (ಕಾಳೋ ಮರಳೋ ತುಂಬಿದ ಚೀಲ) ಮೇಲೋ ಲೆನ್ಸ್ ಇಟ್ಟು, ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸೋ ವ್ಯವಸ್ಥೆ) ಆಫ್ ಮಾಡಿ, ಪೂರ್ತಿ ಝೂಮ್‌ನಲ್ಲಿ ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರೋ ಕಿಂಡಿ) ಪೂರ್ತಿ ತೆರೆದು ಒಂದು ಹತ್ತು ಫ್ರೇಮ್ ತೆಗೀರಿ. ಪ್ರತೀ ಫ್ರೇಮ್‌ಗೂ ಮುಂಚೆ ಫೋಕಸ್ ರಿಂಗ್ ತಿರುಗಿಸಿ ಪೂರ್ತಿ ಮಸುಕು ಮಾಡಿ, ಆಮೇಲೆ ಆಟೋಫೋಕಸ್ ಒತ್ತಿ, ಇಲ್ಲಾಂದ್ರೆ ಮೊದಲನೇ ಫೋಕಸ್ಸೇ ಹತ್ತು ಸಲ ರಿಪೀಟ್ ಆಗತ್ತೆ, ಟೆಸ್ಟ್ ಆಗಲ್ಲ. ಆಮೇಲೆ ಅಪರ್ಚರ್ ಕಿರಿದು ಮಾಡಿ ಎಫ್/8ಗೆ ಹಾಕಿ ಇನ್ನೊಂದು ಹತ್ತು. ಆಮೇಲೆ ಅಲ್ಲೇ ನಿಂತು 150 ಮೀಟರ್ ಆಚೆ ಇರೋ ಒಂದು ಬೋರ್ಡೋ ಕರೆಂಟ್ ಕಂಬದ ಮೇಲಿನ ನಂಬರೋ ಸಿಕ್ಕಿದ್ರೆ ಅದನ್ನೂ ಹೀಗೇ ತೆಗೀರಿ.

ಈಗ ಮುಖ್ಯವಾದ ಭಾಗ. ಅದೇ ಜಾಗಕ್ಕೆ ಹನ್ನೊಂದು ಗಂಟೆಗೆ ವಾಪಸ್ ಬಂದು ಅದೇ ಸೆಟ್ಟಿಂಗ್‌ನಲ್ಲಿ ಎರಡನ್ನೂ ಮತ್ತೆ ತೆಗೀರಿ. ಮನೇಲಿ 100 ಪರ್ಸೆಂಟ್ ಝೂಮ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಹತ್ತಿರದ ಮೈಲಿಗಲ್ಲು ಎರಡೂ ಹೊತ್ತಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ದೂರದ ಬೋರ್ಡ್ ಮಾತ್ರ ಹನ್ನೊಂದು ಗಂಟೆ ಫೋಟೋದಲ್ಲಿ ಅಕ್ಷರದ ಅಂಚೆಲ್ಲಾ ಕಲಸಿದ ಹಾಗಾಗಿ, ಒಂದು ಫ್ರೇಮ್‌ನಲ್ಲಿ ಉದ್ದ ಇನ್ನೊಂದರಲ್ಲಿ ಗಿಡ್ಡ ಕಾಣತ್ತೆ. ಬಿಸಿಲಿಗೆ ನೆಲ ಕಾದು, ಅದರ ಮೇಲಿನ ಬಿಸಿಗಾಳಿ ತಣ್ಣಗಿನ ಗಾಳಿ ಜೊತೆ ಸೇರಿ ಕುದೀತಾ ಇರತ್ತೆ, ಬೆಳಕು ಅದರೊಳಗೆ ಹಾದು ಬರುವಾಗ ಅಡ್ಡಾದಿಡ್ಡಿ ಬಗ್ಗತ್ತೆ, ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಇದ್ರೂ ಇದನ್ನ ಸರಿಮಾಡೋಕಾಗಲ್ಲ. ಗದಗ ಕಡೆ ಎರೆಭೂಮಿ, ಕಪ್ಪು ಮಣ್ಣು ಬೇಗ ಕಾಯತ್ತೆ, ರಾತ್ರಿ ಚಳಿ ಇರೋದ್ರಿಂದ ಗಾಳಿ ಇನ್ನೂ ತಣ್ಣಗೇ ಇರತ್ತೆ, ಹಾಗಾಗಿ ಚಳಿಗಾಲ ಅಂತ ನಂಬ್ಕೊಂಡು ಹತ್ತು ಗಂಟೆ ಮೇಲೆ ದೂರದ ಹಕ್ಕಿ ಹೊಡೆಯೋದು ಬೇಡ. ಆ ಹೊತ್ತಲ್ಲಿ ಹತ್ತಿರ ಇರೋ ಸಿಪಿಲೆನೋ ಕಳ್ಳಿಪೀರನೋ ತೆಗೀರಿ, ಚೆನ್ನಾಗಿ ಬರತ್ತೆ. ಕಾರಿನ ಕಿಟಕಿಯಿಂದ ತೆಗೆಯೋರಿಗೂ ಇದೇ ಸಮಸ್ಯೆ, ಎಂಜಿನ್ ಆನ್ ಇದ್ದು ಬಾನೆಟ್ ಮೇಲಿಂದ ಹೊಡೆದ್ರೆ ಅದರ ಬಿಸಿ ಸಾಕು ಕೆಡಿಸೋಕೆ.

ಬೆಳಿಗ್ಗೆಯ ಹತ್ತಿರದ ಫ್ರೇಮ್‌ಗಳಲ್ಲೇ ಮಸುಕು ಇದ್ರೆ ಆಗ ಲೆನ್ಸ್ ಮೇಲೆ ಅನುಮಾನ ಪಡಿ. ಹತ್ತೂ ಒಂದೇ ಥರ ಮಸುಕಾಗಿ, ಕಲ್ಲಿನ ಮುಂದಿನ ಹುಲ್ಲೋ ಹಿಂದಿನ ಹುಲ್ಲೋ ಶಾರ್ಪ್ ಆಗಿದ್ರೆ ಅದು ಫೋಕಸ್ ಮುಂದೆ ಹಿಂದೆ ಆಗ್ತಿರೋದು, ಒಳಗೆ ಕನ್ನಡಿ ಇರೋ ಡಿಎಸ್‌ಎಲ್‌ಆರ್ ಆದ್ರೆ ಎಎಫ್ ಫೈನ್ ಟ್ಯೂನ್ ಥರದ ಫೋಕಸ್ ತಿದ್ದೋ ಸೆಟ್ಟಿಂಗ್ ಕೆಲವು ಮಾಡೆಲ್‌ಗಳ ಮೆನುನಲ್ಲಿ ಇರತ್ತೆ, ಇದ್ರೆ ಅಲ್ಲಿ ಸರಿ ಮಾಡ್ಬಹುದು. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಫೋಕಸ್ ಸೆನ್ಸರ್ ಮೇಲೇ ಆಗೋದ್ರಿಂದ ಈ ತೊಂದರೆ ಸಾಮಾನ್ಯವಾಗಿ ಬರಲ್ಲ. ಫ್ರೇಮ್‌ನ ಒಂದು ಪಕ್ಕ ಶಾರ್ಪ್, ಇನ್ನೊಂದು ಪಕ್ಕ ಯಾವಾಗ್ಲೂ ಮಸುಕು ಇದ್ರೆ ಒಳಗಿನ ಗಾಜು ಸರಿದಿರೋ ಸಾಧ್ಯತೆ, ಸೆಕೆಂಡ್ ಹ್ಯಾಂಡ್ ಲೆನ್ಸ್‌ನಲ್ಲಿ ಇದನ್ನ ತಪ್ಪದೇ ನೋಡಿ, ಒಂದು ಇಟ್ಟಿಗೆ ಗೋಡೆಗೆ ನೇರವಾಗಿ ನಿಂತು ತೆಗೆದ್ರೆ ನಾಲ್ಕೂ ಮೂಲೆ ಹೋಲಿಸಬಹುದು. ಮುಂದೆ ಯುವಿ ಫಿಲ್ಟರ್ ಹಾಕಿದ್ರೆ ಬಿಚ್ಚಿ ಟೆಸ್ಟ್ ಮಾಡಿ, ಅಗ್ಗದ ಫಿಲ್ಟರ್ 600 ಎಂಎಂನಲ್ಲಿ ಶಾರ್ಪ್‌ನೆಸ್ ತಿಂದುಹಾಕತ್ತೆ. ಹಕ್ಕಿನ ಇನ್ನೂ ದೊಡ್ಡದಾಗಿ ತೋರಿಸೋಕೆ ಲೆನ್ಸ್ ಹಿಂದೆ 1.4 ಎಕ್ಸ್ ಟೆಲಿಕನ್ವರ್ಟರ್ ಹಾಕಿದ್ರೆ ಒಂದು ಸ್ಟಾಪ್, ಅಂದ್ರೆ ಅರ್ಧ ಬೆಳಕು ಹೋಗಿ ಎಫ್/6.3 ಲೆನ್ಸ್ ಎಫ್/9 ಆಗತ್ತೆ, ಡಿಸೆಂಬರ್ ಬೆಳಗಿನ ಜಾವದ ಬೆಳಕಿಗೆ ಅದು ದುಬಾರಿ, ನನ್ನ ಅಭಿಪ್ರಾಯದಲ್ಲಿ ಝೂಮ್ ಲೆನ್ಸ್‌ಗೆ ಅದು ಬೇಡವೇ ಬೇಡ, ಕ್ರಾಪ್ ಮಾಡ್ಕೊಳ್ಳಿ.

ಕೈಯಲ್ಲಿ ಹಿಡಿದು ತೆಗೆಯೋರು ಸ್ಟೆಬಿಲೈಸೇಶನ್ ಆನ್ ಮಾಡಿ ಶಟರ್ ಸ್ಪೀಡನ್ನ 1/1000, 1/500, 1/250, 1/125 ಹೀಗೆ ಇಳಿಸ್ಕೊಂಡು ಹೋಗಿ, ಪ್ರತಿಯೊಂದಕ್ಕೂ ಹತ್ತು ಹತ್ತು ತೆಗೆದು ಎಷ್ಟು ಶಾರ್ಪ್ ಬಂತು ಎಣಿಸಿ, ನಿಮ್ಮ ಕೈ ಯಾವ ಸ್ಪೀಡಿನ ತನಕ ತಡೆಯತ್ತೆ ಅಂತ ಗೊತ್ತಾಗತ್ತೆ, ಬೇರೆಯವರ ಕೈ ಲೆಕ್ಕ ನಿಮಗೆ ಬರಲ್ಲ. ಇದನ್ನ ಚಳಿಯಲ್ಲೇ ಮಾಡಿ, ಬೆಳಗಿನ ಚಳಿಗೆ ನಡುಗೋ ಕೈ ಮಧ್ಯಾಹ್ನದ ಕೈ ಥರ ಇರಲ್ಲ.

ಹಾರೋ ಹಕ್ಕಿ ಟೆಸ್ಟ್‌ಗೆ ಬೆಳ್ಳಕ್ಕಿಗಿಂತ ಒಳ್ಳೇ ಹಕ್ಕಿ ಇಲ್ಲ. ಸಂಜೆ ಹೊತ್ತು ಕೆರೆ ಪಕ್ಕದ ಮರಗಳಿಗೆ ಸಾಲುಸಾಲಾಗಿ ವಾಪಸ್ ಬರ್ತವೆ, ದಾರಿ ಹೆಚ್ಚುಕಮ್ಮಿ ದಿನಾ ಒಂದೇ, ನಿಧಾನಕ್ಕೆ ಹಾರ್ತವೆ. 1/2000ದಲ್ಲಿ ಕಂಟಿನ್ಯೂಯಸ್ ಫೋಕಸ್ (ಚಲಿಸೋದನ್ನ ಹಿಂಬಾಲಿಸೋ ಫೋಕಸ್) ಹಾಕಿ ದೂರದಿಂದಲೇ ಹಿಡ್ಕೊಂಡು ಬನ್ನಿ, ಹಿಂದೆ ಬರೀ ಆಕಾಶ ಇದ್ದಾಗ ಎಲ್ಲಾ ಕ್ಯಾಮೆರಾನೂ ಹಿಡಿಯತ್ತೆ, ಹಕ್ಕಿ ಮರದ ಸಾಲಿನ ಮುಂದೆ ಬಂದಾಗ ಫೋಕಸ್ ಮರಕ್ಕೆ ಹಾರತ್ತಾ ಹಕ್ಕಿ ಮೇಲೇ ನಿಲ್ಲತ್ತಾ ಅನ್ನೋದೇ ಪರೀಕ್ಷೆ. ಜೊಂಡಿನ ಮಧ್ಯ ಕೂತ ನೀರುಕಾಗೆ ಮೇಲೆ ಐ ಡಿಟೆಕ್ಷನ್ (ಕಣ್ಣು ಹುಡುಕಿ ಹಿಡಿಯೋ ಫೋಕಸ್) ನಿಲ್ಲತ್ತಾ ನೋಡಿ. ಎಲೆಕ್ಟ್ರಾನಿಕ್ ಶಟರ್ ಇರೋರು ಒಂದು ಕೆಲಸ ಮಾಡಿ, ಕರೆಂಟ್ ಕಂಬದ ಮುಂದೆ ಕ್ಯಾಮೆರಾನ ಹಕ್ಕಿ ಹಿಂದೆ ತಿರುಗಿಸೋ ಸ್ಪೀಡಲ್ಲೇ ಬೀಸಿ ಬರ್ಸ್ಟ್ (ಒಂದರ ಹಿಂದೊಂದು ಫ್ರೇಮ್) ಹೊಡೀರಿ. ಕಂಬ ಓರೆಯಾಗಿ ಬಂದ್ರೆ ನಿಮ್ಮ ಸೆನ್ಸರ್ ನಿಧಾನಕ್ಕೆ ಓದ್ತಿದೆ ಅಂತ, ರೆಕ್ಕೆನೂ ಹಾಗೇ ಸೊಟ್ಟಗೆ ಬರತ್ತೆ, ಹಾರೋ ಹಕ್ಕಿಗೆ ಮೆಕ್ಯಾನಿಕಲ್ ಶಟರ್ ಇಟ್ಕೊಳ್ಳಿ. ಜೊತೆಗೇ ಶಟರ್ ಒತ್ತಿ ಹಿಡಿದು ಎಷ್ಟು ಸೆಕೆಂಡ್‌ಗೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ ನಿಧಾನ ಆಗತ್ತೆ ನೋಡ್ಕೊಳ್ಳಿ, ಹಕ್ಕಿಗಳ ಗುಂಪು ಏಳುವಾಗ ಆ ಲೆಕ್ಕ ತಲೇಲಿ ಇರ್ಬೇಕು. ಎಫ್/16ರಲ್ಲಿ ಬರೀ ಆಕಾಶದ್ದು ಒಂದು ಫೋಟೋ, ಸೆನ್ಸರ್ ಮೇಲೆ ಧೂಳಿದ್ರೆ ಕಪ್ಪು ಚುಕ್ಕೆ ಕಾಣತ್ತೆ.

ಇಷ್ಟು ಆದ್ಮೇಲೆ ಮಾಗಡಿಗೆ ಹೊರಡಿ. ಕೆರೆ ಸುಮಾರು 50 ಹೆಕ್ಟೇರ್, ಮಳೆ ನೀರು ಹಿಡಿದಿಡೋಕೆ ಕಟ್ಟಿದ್ದು, 2024ರಲ್ಲಿ ರಾಮ್‌ಸಾರ್ ಪಟ್ಟಿಗೆ (ಮಹತ್ವದ ಜೌಗುಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿ) ಸೇರ್ತು, ಅದೇ ಸಲ ನಮ್ಮ ರಾಜ್ಯದ ಅಂಕಸಮುದ್ರ, ಅಘನಾಶಿನಿ ಕೂಡ ಸೇರಿದ್ವು. ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಕಡ್ಲೆ ಶೇಂಗಾ ಮೇದು ಬೆಳಿಗ್ಗೆ ಕೆರೆಗೆ ವಾಪಸ್ ಬರೋದು ರೂಢಿ, ಹಾಗಾಗಿ ಸೂರ್ಯ ಹುಟ್ಟೋ ಮುಂಚೆನೇ ಜಾಗದಲ್ಲಿ ಕೂತಿರ್ಬೇಕು. ಎಲ್ಲಿ ಕೂರೋದು ಅನ್ನೋದಕ್ಕೆ ಒಂದು ಲೆಕ್ಕ ಇದೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ತಾನೆ, ಈ ಕಾಲದಲ್ಲಿ ನಮ್ಮ ಬಯಲುಸೀಮೆಯಲ್ಲಿ ಗಾಳಿ ಹೆಚ್ಚಾಗಿ ಪೂರ್ವ ಈಶಾನ್ಯದಿಂದ ಬೀಸತ್ತೆ, ನೀರುಹಕ್ಕಿ ಇಳಿಯೋದೂ ಏಳೋದೂ ಗಾಳಿಗೆ ಎದುರಾಗಿ. ಅಂದ್ರೆ ನೀವು ಕೆರೆಯ ಪೂರ್ವ ಭಾಗದಲ್ಲಿ ಸೂರ್ಯನಿಗೂ ಗಾಳಿಗೂ ಬೆನ್ನು ಕೊಟ್ಟು ಕೂತ್ರೆ ಹಕ್ಕಿಗಳು ಮುಖ ನಿಮ್ಮ ಕಡೆ ಮಾಡ್ಕೊಂಡು, ಮುಖದ ಮೇಲೆ ಬಿಸಿಲು ಬಿದ್ದಿರೋ ಹಾಗೆ ಇಳೀತವೆ. ಗಾಳಿ ಆ ದಿನ ಬೇರೆ ಕಡೆ ಇದ್ರೆ ಒಂದು ಚಿಟಿಕೆ ಒಣ ಮಣ್ಣು ಉದುರಿಸಿ ನೋಡಿ ಜಾಗ ಬದಲಾಯಿಸಿ.

ಎಕ್ಸ್‌ಪೋಶರ್‌ನಲ್ಲಿ, ಅಂದ್ರೆ ಎಷ್ಟು ಬೆಳಕು ತಗೋಬೇಕು ಅನ್ನೋದ್ರಲ್ಲಿ, ಹೆಬ್ಬಾತು ಸ್ವಲ್ಪ ಸತಾಯಿಸತ್ತೆ. ತಲೆ ಬಿಳಿ, ಅದರ ಹಿಂದೆ ಎರಡು ಕರೀ ಪಟ್ಟೆ, ಕಣ್ಣು ಕಪ್ಪು, ಮೈ ಬೂದು. ನೀರು ಕಪ್ಪಗಿದ್ದಾಗ ಕ್ಯಾಮೆರಾ ಮೋಸ ಹೋಗಿ ಜಾಸ್ತಿ ಬೆಳಕು ತಗೊಂಡು ತಲೆ ಸುಣ್ಣ ಬಳಿದ ಹಾಗೆ ಮಾಡ್ಬಿಡತ್ತೆ, ಆಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 0.7 ಹಾಕಿ, ಮಂಜಿನಲ್ಲೋ ಬಿಳೀ ಆಕಾಶದಲ್ಲೋ ಹಾರ್ತಿದ್ರೆ ಪ್ಲಸ್ 1, ರಾ ಫೈಲ್‌ನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೀರಿ. ತಲೆಯ ಬಿಳಿಯಲ್ಲಿ ಗರಿಯ ಗೆರೆ ಕಂಡ್ರೆ ಎಕ್ಸ್‌ಪೋಶರ್ ಸರಿ ಇದೆ ಅಂತ ಲೆಕ್ಕ, ಸ್ಕ್ರೀನ್‌ನಲ್ಲಿ ಝೂಮ್ ಮಾಡಿ ಅದನ್ನೇ ನೋಡಿ. ಕೂತ ಹಕ್ಕಿಗೆ 1/640 ಸಾಕು, ಮೇಲೇಳುವಾಗ 1/2500 ಬೇಕು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆಯ್ತು ಅಂತ ಹೆದರ್ಬೇಡಿ, ಅದರಿಂದ ಫೋಟೋದಲ್ಲಿ ಬರೋ ಚುಕ್ಕೆಚುಕ್ಕೆ ನಾಯ್ಸ್ ತೆಗೀಬಹುದು, ಅಲುಗಾಡಿದ ಫೋಟೋ ಸರಿಮಾಡೋಕಾಗಲ್ಲ. ಬೆಳಗಿನ ಇಬ್ಬನಿಗೆ ಲೆನ್ಸ್ ಮೇಲೆ ಒಂದು ಒಣ ಟವೆಲ್, ಎಸಿ ರೂಮಿಂದ ಬರ್ತಿದ್ರೆ ಬ್ಯಾಗ್ ಮುಚ್ಚಿಟ್ಟು ಹೊರಗಿನ ಹದಕ್ಕೆ ಬರೋ ತನಕ ತೆಗೀಬೇಡಿ, ಗಾಜಿನ ಮೇಲೆ ಹಬೆ ಕೂತ್ಕೊಳತ್ತೆ. ಬೀನ್ ಬ್ಯಾಗ್ ಖಾಲಿ ತಗೊಂಡು ಹೋಗಿ ಅಲ್ಲೇ ಮರಳು ತುಂಬ್ಕೊಂಡ್ರೆ ಹೊರೆ ಇಲ್ಲ.

ಇನ್ನು ದೂರದ ವಿಷಯ, ಇದನ್ನ ಎಷ್ಟು ಹೇಳಿದ್ರೂ ಕಮ್ಮಿ. ಹೆಬ್ಬಾತು ಮಲಗಿದ್ದಾಗ ಕೊಕ್ಕು ಬೆನ್ನಿನ ಗರಿಯೊಳಗೆ ಇರತ್ತೆ. ನೀವು ಹತ್ತಿರ ಹೋದ ಹಾಗೆ ಮೊದಲು ಅಂಚಿನಲ್ಲಿರೋ ಒಂದೆರಡು ಹಕ್ಕಿ ಕತ್ತು ಎತ್ತುತ್ತವೆ, ಆಮೇಲೆ ಗುಂಪಿನ ಕತ್ತೆಲ್ಲಾ ನೆಟ್ಟಗಾಗತ್ತೆ, ಕೂಗು ಶುರುವಾಗತ್ತೆ, ಮೆಲ್ಲಗೆ ನೀರಿನ ಕಡೆ ನಡೆಯೋಕೆ ಶುರು ಮಾಡ್ತವೆ. ಮೊದಲ ಕತ್ತು ಎದ್ದಾಗಲೇ ನಿಂತುಬಿಡಿ, ಅಲ್ಲೇ ಕೂತು ಎರಡು ಹೆಜ್ಜೆ ಹಿಂದೆ ಸರಿದ್ರೆ ಇನ್ನೂ ಒಳ್ಳೇದು. ಹಾರೋ ಫೋಟೋ ಬೇಕು ಅಂತ ಕಲ್ಲು ಹೊಡೆಯೋದು, ಚಪ್ಪಾಳೆ ತಟ್ಟೋದು, ಡ್ರೋನ್ ಎಬ್ಬಿಸೋದು ನೋಡಿದಾಗ ಹೊಟ್ಟೆ ಉರಿಯತ್ತೆ, ಮಾರ್ಚ್ ಹೊತ್ತಿಗೆ ಅವು ಮತ್ತೆ ಹಿಮಾಲಯ ದಾಟ್ಬೇಕು, ಅದಕ್ಕೆ ಬೇಕಾದ ಕೊಬ್ಬು ಇಲ್ಲಿ ತಿಂದು ಮಲಗಿಯೇ ಕೂಡಿಡ್ಬೇಕು. ಮೇಯೋಕೆ ಹೋದ ಹಕ್ಕಿ ಹಿಂದೆ ಕಡ್ಲೆ ಹೊಲಕ್ಕೆ ನುಗ್ಗೋದೂ ಬೇಡ, ಅದು ರೈತರ ಬೆಳೆ, ಕೇಳಿ ಬದುವಿನ ಮೇಲೆ ಕೂತ್ಕೊಳ್ಳಿ.

ಹೆಬ್ಬಾತುಗಳ ಕತ್ತು ಗಮನಿಸಿ ನೋಡಿ. ಅಧ್ಯಯನಕ್ಕೆ ಅಂತ ಮಂಗೋಲಿಯಾದಲ್ಲಿ ಹಿಡಿದು ಬಿಟ್ಟ ಕೆಲವು ಹಕ್ಕಿಗಳ ಕತ್ತಿಗೆ ಗುರುತಿನ ಹಸಿರು ಕಾಲರ್ ಇರತ್ತೆ, ಅದರ ಮೇಲೆ ಬಿಳಿ ಅಕ್ಷರ ಅಂಕಿ. ಅಂಥದ್ದು ಕಂಡ್ರೆ ಚಂದದ ಫ್ರೇಮ್ ಆಮೇಲೆ, ಮೊದಲು ಕಾಲರ್ ಓದೋ ಹಾಗೆ ಪಕ್ಕದಿಂದ, ಆ ಹಕ್ಕಿ ತಲೆ ತಿರುಗಿಸುವಾಗ ಇನ್ನೊಂದು ಪಕ್ಕದಿಂದ, ಒಂದಷ್ಟು ಫ್ರೇಮ್ ತೆಗೀರಿ, ಮೈಲಿಗಲ್ಲಿನ ಅಕ್ಷರ ಓದೋ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರತ್ತೆ. ದಿನಾಂಕ, ಕೆರೆ ಹೆಸರು, ಗುಂಪಿನಲ್ಲಿ ಅಂದಾಜು ಎಷ್ಟಿದ್ವು ಅಂತ ಬರ್ಕೊಂಡು ಇ-ಬರ್ಡ್‌ಗೆ (ಕಂಡ ಹಕ್ಕಿಗಳನ್ನ ದಾಖಲಿಸೋ ವೆಬ್‌ಸೈಟ್) ಫೋಟೋ ಸಮೇತ ಹಾಕಿ, ಕಾಲರ್‌ನ ಬಣ್ಣ ಮತ್ತು ಅಕ್ಷರಗಳನ್ನ ಕಾಮೆಂಟ್ ಜಾಗದಲ್ಲಿ ಬರೀರಿ, ಕೆರೆಯಲ್ಲಿರೋ ಅರಣ್ಯ ಇಲಾಖೆ ಸಿಬ್ಬಂದಿಗೂ ಅವತ್ತೇ ತಿಳಿಸಿ.