ಸೊಪ್ಪಿನ ಕೀಟನಾಶಕ ಪರೀಕ್ಷೆ: 10 ಮಿ.ಲೀ. ಅಸಿಟೋನೈಟ್ರೈಲ್ ಬದಲು 2 ಮಿ.ಲೀ. ಸಾಕು

ಪೀಣ್ಯ, ಜಿಗಣಿ ಕಡೆ ಲ್ಯಾಬ್‌ಗಳಲ್ಲಿ ಕ್ವೆಚರ್ಸ್ (ಆಹಾರದಿಂದ ಕೀಟನಾಶಕದ ಅಂಶ ಬೇರ್ಪಡಿಸುವ ವಿಧಾನ) ಮಾಡುವವರಿಗೆ. ಮೂಲ ವಿಧಾನದಲ್ಲಿ 10 ಗ್ರಾಂ ಸ್ಯಾಂಪಲ್‌ಗೆ 10 ಮಿ.ಲೀ. ಅಸಿಟೋನೈಟ್ರೈಲ್ ದ್ರಾವಕ, 4 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, 1 ಗ್ರಾಂ ಸೋಡಿಯಂ ಕ್ಲೋರೈಡ್. ಎಲ್ಲವನ್ನೂ ಐದನೇ ಒಂದು ಭಾಗಕ್ಕೆ ಇಳಿಸಿ 15 ಮಿ.ಲೀ. ಟ್ಯೂಬ್‌ನಲ್ಲೇ ಮಾಡಬಹುದು: 2 ಗ್ರಾಂ, 2 ಮಿ.ಲೀ., 0.8 ಗ್ರಾಂ, 0.2 ಗ್ರಾಂ.

ಆದರೆ ಸ್ಯಾಂಪಲ್ ನುಣ್ಣಗಿರಲೇಬೇಕು. ಕೊತ್ತಂಬರಿ ಸೊಪ್ಪನ್ನು ಸುಮ್ಮನೆ ಮಿಕ್ಸಿಗೆ ಹಾಕಿದರೆ ಒಂದು ಟ್ಯೂಬ್‌ಗೆ ದಂಟಿನ ನಾರು, ಇನ್ನೊಂದಕ್ಕೆ ಬರೀ ಎಲೆಯ ರಸ, ಫಲಿತಾಂಶ ತಾಳೆಯಾಗುವುದಿಲ್ಲ. ಡ್ರೈ ಐಸ್ ಜತೆ ಅರೆದು, ಮುಚ್ಚಳ ಸಡಿಲ ಬಿಟ್ಟು ಫ್ರೀಜರ್‌ನಲ್ಲಿಡಿ. ಬಿಗಿ ಮುಚ್ಚಿದರೆ ಡಬ್ಬಿ ಸಿಡಿಯುತ್ತದೆ.

ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆ ಗೊತ್ತಿರುವ ಪ್ರಮಾಣದಲ್ಲಿ ಸೇರಿಸುವ ವಸ್ತು) ಮೊದಲು, ಆಮೇಲೆ ದ್ರಾವಕ, ಕೊನೆಗೆ ಲವಣ. ಲವಣ ಬಿದ್ದ ತಕ್ಷಣ ಕುಲುಕಿ. ತಡಮಾಡಿದರೆ ತಳದಲ್ಲಿ ಗಟ್ಟಿ ಉಂಡೆ ಕಟ್ಟುತ್ತದೆ, ರಿಕವರಿ (ಮರಳಿ ಸಿಗುವ ಕೀಟನಾಶಕದ ಪಾಲು) ಕುಸಿಯುತ್ತದೆ. ಮಳೆಗಾಲದಲ್ಲಿ ಮೆಗ್ನೀಷಿಯಂ ಸಲ್ಫೇಟ್ ತೇವ ಹೀರಿರುತ್ತದೆ, ತೇವ ತಡೆಯುವ ಪಾತ್ರೆಯಾದ ಡೆಸಿಕೇಟರ್‌ನಿಂದ ಆಗಾಗ ಹೊರಗಿಡಬೇಡಿ.

ಹಸಿರು ಬಣ್ಣ ತೆಗೆಯಲು ಜಿಸಿಬಿ (ಬಣ್ಣ ಹೀರುವ ಇಂಗಾಲದ ಪುಡಿ) ಸುರಿಯುವ ಚಾಳಿ ಬೇಡ. ಕ್ಲೋರೋಫಿಲ್ ಜತೆ ಶಿಲೀಂಧ್ರನಾಶಕ ಥಯಾಬೆಂಡಜೋಲ್‌ನಂಥ ಚಪ್ಪಟೆ ಅಣುಗಳನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ತಿಳಿಹಸಿರು ಉಳಿದರೂ ಪರವಾಗಿಲ್ಲ, ಮ್ಯಾಟ್ರಿಕ್ಸ್ ಮ್ಯಾಚ್ಡ್ ಸ್ಟ್ಯಾಂಡರ್ಡ್ (ಕೀಟನಾಶಕವಿಲ್ಲದ ಅದೇ ಸೊಪ್ಪಿನ ಸಾರದಲ್ಲಿ ಮಾಡಿದ ಹೋಲಿಕೆ ದ್ರಾವಣ) ಬಳಸಿ.

ವಿಧಾನ ಬದಲಿಸಿದ ಮೇಲೆ ಪ್ರತಿ ಸ್ಪೈಕ್ ಮಟ್ಟದಲ್ಲಿ (ಸ್ಯಾಂಪಲ್ಲಿಗೆ ಬೇಕೆಂದೇ ಬೆರೆಸಿದ ಕೀಟನಾಶಕದ ಪ್ರಮಾಣ) ಕನಿಷ್ಠ 5 ರೆಪ್ಲಿಕೇಟ್ (ಪುನರಾವರ್ತನೆ) ಹಾಕಿ. ಸರಾಸರಿ ರಿಕವರಿ 70–120%, ಫಲಿತಾಂಶಗಳ ಏರಿಳಿತ ಸೂಚಿಸುವ ಆರ್‌ಎಸ್‌ಡಿ 20%ರೊಳಗೆ ಬರಬೇಕು. ಉಳಿದ ದ್ರಾವಕ ಸಿಂಕ್‌ಗೆ ಬೇಡ. ಕ್ಲೋರಿನ್ ಇರುವ ತ್ಯಾಜ್ಯದಿಂದ ಬೇರೆಯಾಗಿ, ಲೇಬಲ್ ಹಚ್ಚಿದ ಕ್ಯಾನ್‌ಗೆ ಹಾಕಿ.