ಬಿಲೇ ಮಾಡುವವರೇ, ಸ್ವಲ್ಪ ಇಲ್ಲಿ ಕೇಳಿ

ಚಳಿಗಾಲ ಬಂತೆಂದರೆ ಬಾದಾಮಿ, ರಾಮನಗರದ ಕಡೆ ಬಂಡೆ ಹತ್ತಲು ಹೊರಡುವವರು ಜಾಸ್ತಿ. ಹತ್ತುವವರಿಗೆ ಸಲಹೆ ಕೊಡಲು ಬೇಕಾದಷ್ಟು ಜನ ಇದ್ದಾರೆ. ಇದು ಕೆಳಗೆ ನಿಂತು ಹಗ್ಗ ಹಿಡಿಯುವವರಿಗೆ, ಅಂದರೆ ಬಿಲೇ ಮಾಡುವವರಿಗೆ.

ಬ್ರೇಕ್ ಕೈ, ಅಂದರೆ ಬಿದ್ದವರನ್ನು ತಡೆಯಲು ಹಗ್ಗ ಹಿಡಿದಿರುವ ಕೈ, ಹಗ್ಗ ಬಿಡಲೇಬಾರದು. ಸೊಳ್ಳೆ ಕಚ್ಚಲಿ, ಫೋನ್ ಬರಲಿ. "ಗ್ರಿಗ್ರಿ (ಹಗ್ಗ ಸರಕ್ಕನೆ ಎಳೆದರೆ ಬಿಗಿಹಿಡಿಯುವ ಬಿಲೇ ಸಾಧನ) ಇದೆಯಲ್ಲ, ತಾನೇ ಲಾಕ್ ಆಗುತ್ತೆ" ಅನ್ನುವವರನ್ನು ಕಂಡರೆ ನನಗೆ ಭಯ. ಹತ್ತುವವರಿಗೆ ಬೇಗ ಹಗ್ಗ ಕೊಡುವ ಆತುರದಲ್ಲಿ ಅದರ ಕ್ಯಾಮ್, ಅಂದರೆ ಹಗ್ಗವನ್ನು ಬಿಗಿಹಿಡಿಯುವ ಒಳಭಾಗ, ಒತ್ತಿ ಹಿಡಿದಿರುತ್ತೀರಿ. ಆಗಲೇ ಮೇಲಿನವರು ಬಿದ್ದರೆ ಅದು ಲಾಕ್ ಆಗದೇ ಇರಬಹುದು. ಗಾಬರಿಯಲ್ಲಿ ನಮ್ಮ ಮುಷ್ಟಿ ಇನ್ನೂ ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಎರಡನೆಯದು ಹಗ್ಗದ ತುದಿ. ಹಗ್ಗ ಮೇಲೆ ಹೋಗಿ ವಾಪಸ್ ಕೆಳಗೆ ಬರಬೇಕಲ್ಲ, ಹಾಗಾಗಿ 60 ಮೀಟರ್ ಹಗ್ಗ ಇದ್ದರೆ ಇಳಿಸಲು ಸಿಗುವುದು ಅದರ ಅರ್ಧ, ಅಂದರೆ ಸುಮಾರು 30 ಮೀಟರ್. ರೂಟ್ (ಹತ್ತುವ ದಾರಿ) ಅದಕ್ಕಿಂತ ಎತ್ತರವಾಗಿದ್ದರೆ ತುದಿ ಸರಕ್ಕನೆ ಸಾಧನದಿಂದ ಜಾರಿ ಹೋಗುತ್ತದೆ, ಇಳಿಯುತ್ತಿರುವವರು ನೇರ ನೆಲಕ್ಕೆ. ಸವೆದ ತುದಿ ಕತ್ತರಿಸಿದ ಹಳೇ ಹಗ್ಗವಾದರೆ ಲೆಕ್ಕ ಇನ್ನೂ ಕಡಿಮೆ. ತುದಿಗೊಂದು ಗಂಟು ಹಾಕಲು ಅರ್ಧ ನಿಮಿಷ ಸಾಕು, ಅಲ್ವಾ?

ಗೋಡೆಯಿಂದ ದೂರ ನಿಲ್ಲಬೇಡಿ. ನಾನೂ ಒಮ್ಮೆ ನೆರಳು ಹುಡುಕಿಕೊಂಡು ಹಿಂದೆ ಸರಿದು ನಿಂತಿದ್ದೆ. ಗೆಳೆಯ ಬಿದ್ದಾಗ ಹಗ್ಗ ನನ್ನನ್ನು ಎಳೆದು ಬಂಡೆಗೆ ಗುದ್ದಿಸಿತು. ಮೊಣಕಾಲಿನ ಗಾಯ ವಾಸಿಯಾಗಲು ವಾರ ಹಿಡಿಯಿತು.

ಹತ್ತುವವರು ಮೊದಲ ಒಂದೆರಡು ಬೋಲ್ಟ್ (ಹಗ್ಗ ಸಿಕ್ಕಿಸಲು ಬಂಡೆಗೆ ಬಡಿದ ಕೊಂಡಿ) ದಾಟುವವರೆಗೆ ಹಗ್ಗ ಜಾಸ್ತಿ ಸಡಿಲ ಬಿಡಬೇಡಿ. ಕ್ಯಾರಬೈನರ್ (ಲೋಹದ ಕೊಕ್ಕೆ) ಲಾಕ್, ಹಾರ್ನೆಸ್ (ಸೊಂಟದ ಪಟ್ಟಿ) ಬಕಲ್, ಹಾರ್ನೆಸ್‌ಗೆ ಹಗ್ಗ ಕಟ್ಟಿದ ಗಂಟು, ಈ ಮೂರನ್ನೂ ಹೊರಡುವ ಮೊದಲು ಒಬ್ಬರದ್ದೊಬ್ಬರು ಮುಟ್ಟಿ ನೋಡಿ. ಹತ್ತು ವರ್ಷದ ಅನುಭವ ಇದ್ದವರದ್ದನ್ನೂ.