ಲಗ್ನಪತ್ರಿಕೆಯ ಗೋಳ, ಒಂಟಿ ಬಳೆಯ ತೂಗು: ಮನೆಯ ಹಳೆಯ ವಸ್ತುಗಳಿಂದ ಕ್ರಿಸ್‌ಮಸ್ ಅಲಂಕಾರ

ಕ್ರಿಸ್‌ಮಸ್ ಮರದ ಅಲಂಕಾರಗಳನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆನ್ನುವವರು ಬಣ್ಣಕ್ಕಿಂತ ಮೊದಲು ತೂಕದ ಬಗ್ಗೆ ಯೋಚಿಸಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಗಾಳಿಮರದ ಕೊಂಬೆಯೇ ಕ್ರಿಸ್‌ಮಸ್ ಮರವಾಗುತ್ತದೆ. ಅದರ ಎಳೆಗಳು ತೆಳ್ಳಗೆ ಇಳಿಬಿದ್ದಿರುವುದರಿಂದ, ಸ್ವಲ್ಪ ಭಾರದ ವಸ್ತುವನ್ನು ಕಟ್ಟಿದರೂ ಎಳೆ ಬಾಗಿ, ಕಟ್ಟಿದ್ದು ಜಾರಿ ನೆಲಕ್ಕೆ ಬೀಳುತ್ತದೆ. ಜರ್ಮನಿಯಲ್ಲಿ ಹಿಂದೆ ಮರಕ್ಕೆ ಸೇಬು, ಅಕ್ರೋಟುಗಳನ್ನು ಕಟ್ಟುತ್ತಿದ್ದರು. 19ನೇ ಶತಮಾನದಲ್ಲಿ ಅಲ್ಲಿನ ಲೌಶಾ ಎಂಬ ಊರಿನ ಗಾಜುಗಾರರು ಊದಿ ಮಾಡಿದ ಗುಂಡುಗಳು ಅವುಗಳ ಜಾಗಕ್ಕೆ ಬಂದವು. ಆ ಗುಂಡುಗಳು ನೋಡಲು ತುಂಬಿಕೊಂಡಂತೆ ಕಂಡರೂ ಒಳಗೆ ಪೂರ್ತಿ ಟೊಳ್ಳು. ಮನೆಯಲ್ಲಿ ಮಾಡುವವರಿಗೂ ಇದೇ ಅಳತೆಗೋಲು: ಹಗುರವಾಗಿರಬೇಕು, ಮುಂದಿನ ವರ್ಷಕ್ಕೂ ಉಳಿಯುವಷ್ಟು ಗಟ್ಟಿಯಾಗಿರಬೇಕು.

ಈ ಎರಡೂ ಗುಣಗಳಿರುವ ವಸ್ತುಗಳಲ್ಲಿ ಲಗ್ನಪತ್ರಿಕೆಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಕಾಗದ ದಪ್ಪ, ಮಡಿಸಿದರೆ ಗೆರೆ ನೇರವಾಗಿ ನಿಲ್ಲುತ್ತದೆ, ಮೇಲಿನ ಚಿನ್ನದ ಬಣ್ಣದ ಅಚ್ಚು ದೀಪದ ಬೆಳಕಿಗೆ ಚೆನ್ನಾಗಿ ಹೊಳೆಯುತ್ತದೆ. ಜೊತೆಗೆ ನವೆಂಬರ್, ಡಿಸೆಂಬರ್ ಮದುವೆಗಳ ಕಾಲವಾದ್ದರಿಂದ ಬೇಕಾದಷ್ಟು ಪತ್ರಿಕೆಗಳು ಮನೆಯಲ್ಲಿರುತ್ತವೆ. ಕತ್ತರಿಸುವ ಮುನ್ನ ಗಣಪತಿಯ ಅಥವಾ ಮನೆದೇವರ ಚಿತ್ರವಿರುವ ಭಾಗವನ್ನು ಬೇರ್ಪಡಿಸಿ ತೆಗೆದಿಡಿ. ಪತ್ರಿಕೆ ಕೊಟ್ಟವರ ಭಾವನೆಗೆ ನೋವಾಗಬಾರದು, ಅವರ ಹೆಸರು, ವಿಳಾಸಗಳು ಮರದ ಮೇಲೆ ನೇತಾಡುವುದೂ ಸರಿಯಲ್ಲ. ಬಳ್ಳಿ, ಹೂವು, ಅಂಚಿನ ಚಿತ್ತಾರಗಳಷ್ಟೇ ನಮಗೆ ಸಾಕು.

ಇದರಿಂದ ಗೋಳ ಮಾಡುವುದು ಹೀಗೆ. ಕೈವಾರವನ್ನು 2 ಸೆಂಟಿಮೀಟರಿಗೆ ಹಿಡಿದು 20 ವೃತ್ತಗಳನ್ನು ಬರೆಯಿರಿ. ಕೈವಾರದ ಅಳತೆಯನ್ನು ಬದಲಿಸದೆ, ವೃತ್ತದ ಅಂಚಿನ ಮೇಲೆಯೇ ಮುಳ್ಳನ್ನು ಒಂದೊಂದೇ ಹೆಜ್ಜೆ ಮುಂದಿಡುತ್ತಾ ಹೋದರೆ ಆರು ಗುರುತುಗಳು ಸಿಗುತ್ತವೆ. ಒಂದು ಬಿಟ್ಟು ಒಂದರಂತೆ ಮೂರು ಗುರುತುಗಳನ್ನು ಸೇರಿಸಿದರೆ ಮೂರೂ ಬದಿ ಸಮವಾಗಿರುವ ತ್ರಿಕೋನ ಬರುತ್ತದೆ. ಉಕ್ಕಿನ ಸ್ಕೇಲನ್ನು ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಈ ಗೆರೆಗಳನ್ನು ಒತ್ತಿ ಎಳೆಯಿರಿ. ಹೀಗೆ ಒತ್ತದೆ ಮಡಿಸಿದರೆ ದಪ್ಪ ಕಾಗದ ಗೆರೆಯಿಂದಾಚೆ ಸೀಳಿಕೊಂಡು, ಚಿನ್ನದ ಬಣ್ಣ ಉದುರಿ ಬಿಳಿಯ ಗೀರು ಕಾಣುತ್ತದೆ. ಅನಂತರ ವೃತ್ತಗಳನ್ನು ಕತ್ತರಿಸಿ, ತ್ರಿಕೋನದ ಮೂರು ಬದಿಗಳಲ್ಲಿ ಉಳಿಯುವ ಕಮಾನಿನಾಕಾರದ ಅಂಚುಗಳನ್ನು ಅಚ್ಚಿನ ಕಡೆಗೇ ಮೇಲೆತ್ತಿ ಮಡಿಸಿ.

ಇನ್ನು ಜೋಡಣೆ. ಐದು ತುಂಡುಗಳ ತ್ರಿಕೋನದ ತುದಿಗಳು ಒಂದೇ ಕಡೆ ಸೇರುವಂತಿಟ್ಟು, ಎತ್ತಿದ ಅಂಚುಗಳ ಬೆನ್ನಿಗೆ ಬೆನ್ನು ಹಚ್ಚಿ ಫೆವಿಕಾಲಿನಿಂದ ಅಂಟಿಸಿದರೆ ಆಳವಿಲ್ಲದ ಒಂದು ಟೊಪ್ಪಿಗೆ ಸಿದ್ಧವಾಗುತ್ತದೆ. ಅಂಥ ಎರಡು ಬೇಕು. ಉಳಿದ ಹತ್ತನ್ನು ಒಂದರ ತುದಿ ಮೇಲಕ್ಕೆ, ಮುಂದಿನದರ ತುದಿ ಕೆಳಕ್ಕೆ ಬರುವಂತೆ ಸಾಲಾಗಿ ಅಂಟಿಸಿ, ಎರಡು ಕೊನೆಗಳನ್ನೂ ಕೂಡಿಸಿ ಬಳೆಯಾಕಾರ ಮಾಡಿಕೊಳ್ಳಿ. ಮೇಲಿನ ಟೊಪ್ಪಿಗೆಯ ನೆತ್ತಿಯಲ್ಲಿ ದಾರ ತೂರಿಸಿ ಒಳಗಡೆ ಗಂಟು ಹಾಕುವುದನ್ನು ಈ ಹಂತದಲ್ಲೇ ಮುಗಿಸಬೇಕು, ಏಕೆಂದರೆ ಗೋಳ ಮುಚ್ಚಿಕೊಂಡ ಮೇಲೆ ಒಳಗೆ ಕೈ ಹೋಗುವುದಿಲ್ಲ. ಕೊನೆಗೆ ಮೇಲೊಂದು, ಕೆಳಗೊಂದು ಟೊಪ್ಪಿಗೆ ಕೂರಿಸಿ. ಪ್ರತಿ ಅಂಟಿಗೂ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ, ಚೆನ್ನಾಗಿ ಒಣಗಿದ ನಂತರವೇ ಮುಂದಿನದಕ್ಕೆ ಕೈಹಾಕಿದರೆ ಗೋಳ ವಾರೆಯಾಗದು. ಪತ್ರಿಕೆಯ ಎರಡೂ ಬದಿಗೆ ಪ್ಲಾಸ್ಟಿಕ್ ಲೇಪವಿದ್ದರೆ ಅಂಟು ಹಿಡಿಯುವುದಿಲ್ಲ. ಬೆನ್ನುಬದಿಯ ಅಂಚನ್ನು ಉಪ್ಪುಕಾಗದದಿಂದ ಮೊದಲು ಸ್ವಲ್ಪ ಉಜ್ಜಿಕೊಳ್ಳಬೇಕು. ಮೈದಾ ಅಂಟು ಮಾತ್ರ ಬೇಡ. ಅದರ ವಾಸನೆಗೆ ಜಿರಲೆಗಳು ಬಂದು ಕಾಗದವನ್ನೂ ತಿನ್ನುತ್ತವೆ.

ಮರದ ತುದಿಗೆ ನಕ್ಷತ್ರ ಬೇಕಲ್ಲವೇ? ಹಣ್ಣಿನ ರಸದ ಟೆಟ್ರಾಪ್ಯಾಕ್ ಡಬ್ಬಿಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ಡಬ್ಬಿ ಖಾಲಿಯಾದ ಕೂಡಲೇ ಬಿಡಿಸಿ, ಸೋಪಿನ ನೀರಿನಲ್ಲಿ ತೊಳೆದು, ಭಾರದ ಪುಸ್ತಕದ ಕೆಳಗಿಟ್ಟು ಚಪ್ಪಟೆ ಮಾಡಿಕೊಳ್ಳಿ. ಸಿಹಿ ಉಳಿದರೆ ಇರುವೆ ಸಾಲುಗಟ್ಟುತ್ತದೆ. ಐದು ಮೂಲೆಯ ನಕ್ಷತ್ರವನ್ನು ಕತ್ತರಿಸಿ, ತುದಿಗಳಿಂದ ನಡುವಿಗೆ ಬರುವ ಐದು ಗೆರೆಗಳು ಉಬ್ಬುವಂತೆಯೂ, ಒಳಮೂಲೆಗಳಿಂದ ನಡುವಿಗೆ ಬರುವ ಐದು ಗೆರೆಗಳು ತಗ್ಗುವಂತೆಯೂ ಮಡಿಸಿದರೆ ಚಪ್ಪಟೆಯಾಗಿದ್ದ ನಕ್ಷತ್ರ ಎದ್ದು ನಿಲ್ಲುತ್ತದೆ. ಮಡಿಸಿದ ದಿನಪತ್ರಿಕೆಯ ಮೇಲಿಟ್ಟು ಅದೇ ಖಾಲಿ ಬಾಲ್‌ಪೆನ್ನಿನಿಂದ ಚುಕ್ಕೆಗಳನ್ನು ಒತ್ತಿದರೆ ಕೆತ್ತನೆಯಂಥ ಚಿತ್ತಾರವೂ ಮೂಡುತ್ತದೆ. ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರವಿರುವುದರಿಂದ ಇಲ್ಲಿ ಫೆವಿಕಾಲ್ ನಿಲ್ಲದು. ಎರಡು ನಕ್ಷತ್ರಗಳನ್ನು ಬೆನ್ನಿಗೆ ಬೆನ್ನು ಸೇರಿಸುವುದಾದರೆ ಅಂಚಿನಲ್ಲಿ ಸೂಜಿದಾರದಿಂದ ಹೊಲಿಯುವುದೇ ಒಳ್ಳೆಯದು.

ಒಂದು ಒಡೆದು ಇನ್ನೊಂದು ಉಳಿದ ಒಂಟಿ ಬಳೆಗಳಿಗೂ ಮರದಲ್ಲಿ ಜಾಗವಿದೆ. ಹರಿದ ಸೀರೆಯ ಜರಿ ಅಂಚನ್ನು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಪ್ರತಿ ಸುತ್ತೂ ಹಿಂದಿನದರ ಅರ್ಧದ ಮೇಲೆ ಬರುವಂತೆ ಬಳೆಗೆ ಬಿಗಿಯಾಗಿ ಸುತ್ತಿ, ಕೊನೆಯನ್ನು ಹೊಲಿದು ಭದ್ರಪಡಿಸಿ. ಗಾಜಿನ ಬಳೆಯಾದರೆ ಎಲ್ಲೂ ಗಾಜು ಕಾಣದಂತೆ ಸುತ್ತಬೇಕು. ಕೈತಪ್ಪಿ ಬಿದ್ದು ಒಡೆದರೂ ಚೂರುಗಳು ಬಟ್ಟೆಯೊಳಗೇ ಉಳಿಯುತ್ತವೆ. ದೊಡ್ಡ ಬಳೆಯೊಳಗೆ ಮಗುವಿನ ಸಣ್ಣ ಬಳೆಯೊಂದನ್ನು ದಾರದಿಂದ ತೂಗಿಬಿಟ್ಟರೆ ಫ್ಯಾನಿನ ಗಾಳಿಗೆ ಎರಡೂ ಬೇರೆ ಬೇರೆಯಾಗಿ ತಿರುಗುತ್ತವೆ. ಇವು ಗೋಳಗಳಿಗಿಂತ ಭಾರವಾದ್ದರಿಂದ ಎಳೆಗಳಿಗೆ ಬಿಡದೆ, ಕೊಂಬೆಯ ಬುಡದ ಹತ್ತಿರ ಕಟ್ಟಿ.

ಕೇಕಿಗೆ ಮೊಟ್ಟೆ ಒಡೆಯುವ ಮನೆಯಲ್ಲಿ ಚಿಪ್ಪನ್ನೂ ಉಳಿಸಬಹುದು. ಮೊಟ್ಟೆಯನ್ನು ತೊಳೆದು, ಎರಡೂ ತುದಿಗಳಲ್ಲಿ ದಬ್ಬಳದಿಂದ ತೂತು ಮಾಡಿ, ಒಳಗಿನ ಹಳದಿಯನ್ನು ಕಲಕಿ, ಸೂಜಿಯಿಲ್ಲದ ಹೊಸ ಸಿರಿಂಜಿನಿಂದ ಗಾಳಿ ತಳ್ಳಿದರೆ ಎಲ್ಲವೂ ಬಟ್ಟಲಿಗೆ ಇಳಿಯುತ್ತದೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದ್ದರಿಂದ ಬಾಯಿಟ್ಟು ಊದುವುದು ಬೇಡ. ಚಿಪ್ಪಿನ ಒಳಗೂ ಸೋಪಿನ ನೀರು ಹಾಯಿಸಿ ತೊಳೆದು, ಪೂರ್ತಿ ಒಣಗಿಸಿದ ಮೇಲೆ ಬಣ್ಣ ಹಚ್ಚಿ.

ಕೆಲವು ವಸ್ತುಗಳನ್ನು ಮುಟ್ಟಲೇಬಾರದು. ಕೆಟ್ಟ ಸಿಎಫ್ಎಲ್ ಬಲ್ಬು, ಟ್ಯೂಬ್‌ಲೈಟುಗಳಲ್ಲಿ ಪಾದರಸವಿರುತ್ತದೆ. ಥರ್ಮೊಕೋಲ್ ಮತ್ತು ಹಿಮದಂತೆ ಕಾಣಲೆಂದು ಹರಡುವ ಹತ್ತಿ ಬೇಗ ಬೆಂಕಿ ಹಿಡಿಯುತ್ತವೆ. ಕಾಗದದ ಅಲಂಕಾರವಿರುವ ಮರಕ್ಕಾಗಲಿ, ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ, ಹುಲ್ಲು ಹಾಸಿದ ಗೋದಲಿಗಾಗಲಿ ಮೇಣದಬತ್ತಿ ಹಚ್ಚಿಡಬೇಡಿ. ಹಳೆಯ ಸೀರಿಯಲ್ ಸೆಟ್ಟಿನ ಬಲ್ಬುಗಳು ಬಿಸಿಯಾಗುವುದರಿಂದ ಎಲ್‌ಇಡಿ ದೀಪಗಳನ್ನೇ ಬಳಸಿ, ಮಲಗುವ ಮುನ್ನ ಸ್ವಿಚ್ ಆರಿಸಿ.

ಕ್ರಿಸ್‌ಮಸ್‌ಗೆ ಸಿದ್ಧರಾಗುವ ವಾರಗಳಾದ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಅಂದು ಕೆಲಸ ಶುರುಮಾಡಿದರೆ ಅಂಟು ಒಣಗಲು ಅವಸರಪಡಬೇಕಾಗಿಲ್ಲ. ಬಾಲಯೇಸುವನ್ನು ನೋಡಲು ಬಂದ ಜ್ಞಾನಿಗಳ ಭೇಟಿಯನ್ನು ನೆನೆಯುವ ಜನವರಿ 6ರ ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ, ಮೊಟ್ಟೆಚಿಪ್ಪುಗಳನ್ನು ಮೊಟ್ಟೆಯ ಟ್ರೇಯಲ್ಲೂ, ಗೋಳಗಳನ್ನು ಒಂದರ ಮೇಲೊಂದು ಬಾರದಂತೆ ಬೂಟಿನ ಡಬ್ಬಿಯಲ್ಲೂ ಇಡಿ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಬರುವುದು ಖಚಿತವಾದ್ದರಿಂದ, ಹೊಸ ಚೀಲ, ಚಪ್ಪಲಿಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಡಬ್ಬಿಯೊಳಗೆ ಹಾಕಿ, ಅದನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗೋಡೆಗೆ ತಾಗದಂತೆ ಅಟ್ಟದ ಮೇಲಿಡಿ.